ಬಾಣಂತಿಗೆ ಮೆಂತ್ಯದ ಗಂಜಿ: ಮಾಡುವ ಬಗೆ, ಕೊಡುವ ಹದ

ಬಾಣಂತಿಗೆ ಹಾಲು ಸಾಲುತ್ತಿಲ್ಲ ಎಂಬ ಮಾತು ಬಂದ ಕೂಡಲೇ ಮಲೆನಾಡಿನ ಮನೆಗಳಲ್ಲಿ ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ನೆನಪಾಗುತ್ತದೆ. ಇವುಗಳಲ್ಲಿ ಮೆಂತ್ಯದ ಗಂಜಿಯನ್ನು ಮಾಡುವುದು ಸುಲಭ. ಆದರೆ ಮಗು ಚೀಪಿದಾಗಲೇ ತಾಯಿಯ ದೇಹದಲ್ಲಿ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಮತ್ತು ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನುಗಳು ಸ್ರವಿಸುತ್ತವೆ. ಮೊಲೆ ಬರಿದಾದಷ್ಟೂ ಮತ್ತೆ ತುಂಬುತ್ತದೆ. ಆದ್ದರಿಂದ ರಾತ್ರಿಯೂ ಸೇರಿ 24 ಗಂಟೆಯಲ್ಲಿ 8ರಿಂದ 12 ಬಾರಿ ಹಾಲೂಡಿಸುವುದೇ ಮೊದಲ ಮದ್ದು, ಗಂಜಿ ಅದರ ಬೆನ್ನಿಗೆ ನಿಲ್ಲುವ ಆಹಾರ. ಮೆಂತ್ಯದ ಗುಣವನ್ನು ಕೆಲವು ಸಣ್ಣ ಅಧ್ಯಯನಗಳು ಎತ್ತಿ ಹಿಡಿದಿದ್ದರೂ ಗಟ್ಟಿಯಾದ ಪುರಾವೆ ಇನ್ನೂ ಸಿಕ್ಕಿಲ್ಲ.

ಎರಡು ಹೊತ್ತಿನ ಗಂಜಿಗೆ ಎರಡು ಚಹಾ ಚಮಚ ಮೆಂತ್ಯವನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿದರೆ ಕಹಿ ತಗ್ಗುತ್ತದೆ. ಮೊದಲು ಮೆಂತ್ಯವೊಂದನ್ನೇ, ಬೆರಳಲ್ಲಿ ಒತ್ತಿದರೆ ನುಣ್ಣಗಾಗುವವರೆಗೆ ಬೇಯಿಸಬೇಕು. ಬಳಿಕ ಅದಕ್ಕೆ ತೊಳೆದ ಅರ್ಧ ಲೋಟ ಕೆಂಪಕ್ಕಿ, ನಾಲ್ಕು ಲೋಟ ನೀರು ಹಾಕಿ, ಅಗುಳು ಒಡೆಯುವ ತನಕ ಸಣ್ಣ ಉರಿಯಲ್ಲಿಡಬೇಕು. ಅರ್ಧ ಹೋಳು ತೆಂಗಿನಕಾಯಿಯ ಎರಡನೆಯ ಸಲ ಹಿಂಡಿದ ತೆಳು ಹಾಲನ್ನು ಈಗ ಸೇರಿಸಿ, ರುಚಿಗೆ ತಕ್ಕಷ್ಟು ಜೋನಿಬೆಲ್ಲ, ಚಿಟಿಕೆ ಶುಂಠಿಪುಡಿ ಹಾಕಿ ಕುದಿಸಬೇಕು. ಮೊದಲು ಹಿಂಡಿಟ್ಟ ಗಟ್ಟಿ ಹಾಲನ್ನು ಮಾತ್ರ ಒಲೆಯಿಂದ ಇಳಿಸಿದ ಮೇಲೆಯೇ ಬೆರೆಸಬೇಕು, ಕುದಿದರೆ ಅದು ಒಡೆಯುತ್ತದೆ. ಮೇಲೊಂದು ಚಮಚ ತುಪ್ಪ ಸಾಕು. ತುಪ್ಪ ಸುರಿದಷ್ಟೂ ಹಾಲು ಸುರಿಯುತ್ತದೆ ಎಂಬುದು ಅಜ್ಜಿಯರ ಪ್ರೀತಿಯ ಲೆಕ್ಕವಷ್ಟೇ.

ಗಂಜಿಯೊಂದರಿಂದಲೇ ಹೊಟ್ಟೆ ತುಂಬಿಸುವಂತಿಲ್ಲ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಹೆಚ್ಚಿಗೆ ಬೇಕಾಗುವುದರಿಂದ, ಮಧ್ಯಾಹ್ನ ಬೇಳೆ ಹಾಕಿದ ಸಬ್ಬಸಿಗೆ ಅಥವಾ ನುಗ್ಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಸಾರು, ರೂಢಿಯಿದ್ದವರಿಗೆ ಮೊಟ್ಟೆ ಅಥವಾ ಮೀನು ಇರಲಿ. ಮಳೆಗಾಲದ ಥಂಡಿಗೆ ಹೆದರಿ ಬಾಣಂತಿಗೆ ನೀರು, ಸೊಪ್ಪು, ತರಕಾರಿಗಳನ್ನು ಕಡಿಮೆ ಮಾಡುವ ಪಥ್ಯ ಕೆಲವು ಮನೆಗಳಲ್ಲಿ ಈಗಲೂ ಇದೆ. ನನ್ನ ಪ್ರಕಾರ ಮೊದಲು ಬಿಡಬೇಕಾದದ್ದು ಇದನ್ನೇ. ಹಾಲೂಡಿಸಲು ಕೂರುವಾಗಲೆಲ್ಲ ಜೀರಿಗೆ ಹಾಕಿ ಕುದಿಸಿದ ಬೆಚ್ಚಗಿನ ನೀರಿನ ಚೊಂಬು ಕೈಗೆಟುಕುವಂತಿರಬೇಕು.

ಮೆಂತ್ಯ ಎಲ್ಲರಿಗೂ ಒಗ್ಗುವುದಿಲ್ಲ. ಅದು ರಕ್ತದ ಸಕ್ಕರೆಯನ್ನು ಇಳಿಸಬಲ್ಲದಾದ್ದರಿಂದ ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಶೇಂಗಾ ಅಥವಾ ಕಡಲೆಯ ಅಲರ್ಜಿಯಿರುವವರು ವೈದ್ಯರನ್ನು ಕೇಳಿಯೇ ಸೇವಿಸಬೇಕು. ತಾಯಿಗೆ ಹೊಟ್ಟೆಯುಬ್ಬರ, ಭೇದಿ ಆದರೆ ನಿಲ್ಲಿಸಬೇಕು. ಬೆವರಿಗೆ ಮೆಂತ್ಯದ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ. ಶತಾವರಿಗೆ ನಮ್ಮಲ್ಲಿ ಹಲವು ಮಕ್ಕಳ ತಾಯಿ ಬೇರು ಎಂಬ ಚೆಂದದ ಹೆಸರಿದೆಯೆಂದು, ಕಾಡಿನಲ್ಲಿ ಅಂದಾಜಿನ ಮೇಲೆ ಬೇರು ಅಗೆದು ತಂದು ಅರೆದು ಕೊಡುವುದು ಬೇಡ.

ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಮೊಲೆ ಮುಟ್ಟಿ ನೋಡುವುದಕ್ಕಿಂತ ಮಗುವಿನ ಬಟ್ಟೆ ಎಣಿಸುವುದು ಮೇಲು. ಐದನೆಯ ದಿನದ ಬಳಿಕ ದಿನಕ್ಕೆ ಆರಕ್ಕಿಂತ ಕಡಿಮೆ ಬಾರಿ ಮೂತ್ರ ಮಾಡಿದರೆ, ಎರಡು ವಾರ ಕಳೆದರೂ ಮಗು ಹುಟ್ಟಿದಾಗಿನ ತೂಕಕ್ಕೆ ಮರಳದಿದ್ದರೆ, ಗಂಜಿಯ ಫಲಕ್ಕೆ ಕಾಯದೆ ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.