ಓದಿ ಮೆಚ್ಚಿದ ‘ಹಾಗ್‌ಫಾದರ್’ ಅನ್ನು ಟಿವಿಯಲ್ಲಿ ನೋಡುವುದು ಹೇಗೆ

ಇಂಗ್ಲಿಷ್ ಲೇಖಕ ಟೆರ್ರಿ ಪ್ರಾಚೆಟ್ ಅವರ ‘ಹಾಗ್‌ಫಾದರ್’ ನಿಮ್ಮ ಇಷ್ಟದ ಪುಸ್ತಕ ಅಂದ್ರೆ, 2006ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸ್ಕೈ ಒನ್ ಚಾನೆಲ್‌ನಲ್ಲಿ ಬಂದ ಅದರ ಟಿವಿ ರೂಪವನ್ನು ನೋಡಲೇಬೇಕು. ನಿರ್ದೇಶಕ ವಾದಿಮ್ ಜೀನ್ ಪುಸ್ತಕದ ದಾರಿ ಬಿಟ್ಟು ಹೋಗಿಲ್ಲ, ಎಷ್ಟೋ ಮಾತುಗಳು ಪುಸ್ತಕದಲ್ಲಿ ಇದ್ದ ಹಾಗೇ ಬರುತ್ತವೆ. ಹಾಗಾಗಿ ಮುಂದೇನು ಅನ್ನೋ ಕುತೂಹಲ ಇಟ್ಟುಕೊಂಡು ಕೂತರೆ ಏನೂ ಸಿಗುವುದಿಲ್ಲ. ಯಕ್ಷಗಾನಕ್ಕೆ ಹೋಗುವವರಿಗೆ ಪ್ರಸಂಗ ಮೊದಲೇ ಗೊತ್ತಿರುತ್ತೆ ಅಲ್ವಾ? ಆದರೂ ಈ ಕಲಾವಿದ ಅದೇ ಪಾತ್ರವನ್ನು ಹೇಗೆ ಮಾಡ್ತಾನೆ ಅಂತ ನೋಡೋಕೆ ಬೆಳಗಿನವರೆಗೂ ಕೂರುತ್ತಾರೆ. ಇದನ್ನೂ ಹಾಗೇ ನೋಡಿ.

ನೋಡುವ ಮೊದಲು ಪುಸ್ತಕವನ್ನು ಮತ್ತೆ ಓದಬೇಡಿ. ಓದಿದರೆ ಪ್ರತಿ ಸಾಲು ಬಂತಾ ಇಲ್ವಾ ಅಂತ ಲೆಕ್ಕ ಹಾಕುವುದರಲ್ಲೇ ಮನಸ್ಸು ಇರುತ್ತದೆ. ನೆನಪು ಸ್ವಲ್ಪ ಮಸುಕಾಗಿದ್ದರೇ ಒಳ್ಳೆಯದು.

ಎರಡು ಭಾಗ ಇದೆ, ಒಂದೊಂದೂ ಸುಮಾರು ಒಂದೂವರೆ ಗಂಟೆ. ಎರಡು ರಾತ್ರಿ ನೋಡಿ, ಒಂದೇ ಸಲಕ್ಕೆ ಜಾಸ್ತಿ ಆಗುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ, ಹಾಸ್ಯವೆಲ್ಲ ಮಾತಿನಲ್ಲೇ ಇದೆ. ಮೊದಲ ಭಾಗ ನಿಧಾನ ಅನ್ನಿಸುತ್ತದೆ, ಯಾಕೆಂದರೆ ಕೊಲೆಗಾರರ ಸಂಘ, ಮಾಂತ್ರಿಕರ ವಿಶ್ವವಿದ್ಯಾಲಯ, ಕಥೆಯ ನಾಯಕಿ ಸೂಸನ್ ಮಕ್ಕಳನ್ನು ನೋಡಿಕೊಳ್ಳುವ ಮನೆ, ಮಕ್ಕಳ ಉದುರಿದ ಹಲ್ಲು ಒಯ್ಯುವ ಹಲ್ಲಿನ ಕಿನ್ನರಿಯ ಕೋಟೆ, ಹೀಗೆ ಪುಸ್ತಕದ ಎಲ್ಲ ಎಳೆಗಳನ್ನೂ ಬಿಡದೆ ಹಿಡಿದಿದ್ದಾರೆ. ಓದಿದವರಿಗೆ ಅದೇ ಖುಷಿ, ಓದದವರಿಗೆ ತಲೆಬುಡ ಗೊತ್ತಾಗುವುದಿಲ್ಲ.

ಆದ್ದರಿಂದ ಜೊತೆಗೆ ಓದದವರು ಯಾರಾದರೂ ಕೂತರೆ ಶುರುವಿಗೆ ಇಷ್ಟು ಹೇಳಿಬಿಡಿ. ಈ ಲೋಕ ತಟ್ಟೆ ಥರ ಚಪ್ಪಟೆ, ಅದನ್ನು ಹೊತ್ತ ನಾಲ್ಕು ಆನೆ, ಆನೆಗಳ ಕೆಳಗೆ ಒಂದು ಆಮೆ. ಚಳಿಗಾಲದ ಹಬ್ಬದ ರಾತ್ರಿ ಹಂದಿಗಳು ಎಳೆಯುವ ಗಾಡಿಯಲ್ಲಿ ಹಾಗ್‌ಫಾದರ್ ಬಂದು ಮಕ್ಕಳಿಗೆ ಉಡುಗೊರೆ ಕೊಡುತ್ತಾನೆ. ಈ ಸಲ ಅವನು ಕಾಣೆಯಾಗಿದ್ದಾನೆ, ಅವನ ಕೆಲಸವನ್ನು ಡೆತ್, ಅಂದ್ರೆ ಸಾಕ್ಷಾತ್ ಸಾವೇ, ಮಾಡಲು ಹೊರಟಿದೆ. ಸೂಸನ್ ಅದರ ಮೊಮ್ಮಗಳು. ಸಾಕು. ಮಧ್ಯದಲ್ಲಿ ‘ಈಗ ನೋಡು, ಈಗ ನೋಡು’ ಅನ್ನಬೇಡಿ, ದಯವಿಟ್ಟು.

ಪುಸ್ತಕದ ಅಡಿಟಿಪ್ಪಣಿಗಳು ಇಲ್ಲಿ ಹೋಗಿವೆ. ಬೇಜಾರಾಗುವುದು ಸಹಜ, ಪ್ರಾಚೆಟ್ ಅವರ ಒಳ್ಳೊಳ್ಳೆ ನಗು ಎಷ್ಟೋ ಅಲ್ಲೇ ಇರುತ್ತಿತ್ತು. ಅದರ ಬದಲು ಸಿಕ್ಕಿದ್ದನ್ನು ಗಮನಿಸಿ. ಡೆತ್‌ನ ಮುಖ ಬರೀ ತಲೆಬುರುಡೆ, ಹುಬ್ಬೂ ಇಲ್ಲ, ತುಟಿಯೂ ಇಲ್ಲ. ಎಲ್ಲವನ್ನೂ ಇಯಾನ್ ರಿಚರ್ಡ್‌ಸನ್ ಅವರ ದನಿಯೇ ಮಾಡಬೇಕು, ಮಾಡುತ್ತದೆ. ಅಂಗಡಿಯ ದೃಶ್ಯ ಬಂದಾಗ ಕಿವಿಗೊಟ್ಟು ಕೇಳಿ. ಕೆಂಪು ಬಟ್ಟೆ, ಸುಳ್ಳು ಗಡ್ಡ ಹಾಕಿಕೊಂಡು ಕೂತ ಡೆತ್, ಕತ್ತಿ ಬೇಕು ಅಂದ ಪುಟ್ಟ ಹುಡುಗಿಗೆ ನಿಜವಾದ ಕತ್ತಿಯನ್ನೇ ಕೊಟ್ಟುಬಿಡುತ್ತದೆ. ಇದು ಅಪಾಯ ಅಂತ ತಾಯಿ ಗಾಬರಿಯಾದರೆ, ಕತ್ತಿ ಅಂದಮೇಲೆ ಹಾಗೇ ತಾನೇ ಇರಬೇಕು ಅನ್ನೋ ಧಾಟಿಯಲ್ಲಿ ಉತ್ತರ. ಆ ದನಿಯಲ್ಲಿ ತಮಾಷೆಯ ಸುಳಿವೇ ಇಲ್ಲ, ಅದಕ್ಕೇ ಅಷ್ಟು ನಗು ಬರುತ್ತದೆ. ಹಿಮದಲ್ಲಿ ಸಾಯುತ್ತಿರುವ ಬೆಂಕಿಪೊಟ್ಟಣ ಮಾರುವ ಹುಡುಗಿಯನ್ನು ಕಂಡಾಗಲೂ ಅದೇ ದನಿ, ಆದರೆ ಅಲ್ಲಿ ಕಣ್ಣು ಒದ್ದೆಯಾಗುತ್ತದೆ.

ಮಾರ್ಕ್ ವಾರನ್ ಮಾಡಿದ ಕೊಲೆಗಾರ ಟೀಟೈಮ್‌ನ ಪಾತ್ರಕ್ಕೂ ಸಮಯ ಕೊಡಿ. ಮಗುವಿನಂಥ ಮೆತ್ತಗಿನ ಮಾತು, ನಿಮ್ಮ ಕಲ್ಪನೆಯ ಕೊಲೆಗಾರ ಹೀಗಿರಲಿಕ್ಕಿಲ್ಲ. ನನಗಂತೂ ಪುಸ್ತಕ ಓದುವಾಗ ಹುಟ್ಟಿದ ಭಯಕ್ಕಿಂತ ಇಲ್ಲಿಯ ಭಯ ಜಾಸ್ತಿ. ಸೂಸನ್ ಆಗಿರುವುದು ಮಿಶೆಲ್ ಡಾಕರಿ, ‘ಡೌನ್‌ಟನ್ ಆ್ಯಬಿ’ ಟಿವಿ ಧಾರಾವಾಹಿಯಿಂದ ಹೆಸರು ಮಾಡುವುದಕ್ಕೂ ಮೊದಲು. ಒಲೆ ಕೆದಕುವ ಕಬ್ಬಿಣದ ಸಲಾಕೆ ಹಿಡಿದು ನೆಟ್ಟಗೆ ನಿಂತ ಆಕೆಯನ್ನು ನೋಡಿದ ಮೇಲೆ ಬೇರೆ ಸೂಸನ್ ಊಹಿಸೋಕೆ ಕಷ್ಟ.

ಕೊನೆಯಲ್ಲಿ ಸೂಸನ್ ಮತ್ತು ಡೆತ್ ಮಾತಾಡುವ ಹೊತ್ತಿಗೆ ಫೋನ್ ದೂರ ಇಡಿ. ಹಾಗ್‌ಫಾದರ್‌ನಂಥ ಸಣ್ಣ ಸುಳ್ಳುಗಳನ್ನು ನಂಬಿ ಅಭ್ಯಾಸ ಆದರೇ ಮನುಷ್ಯ ನ್ಯಾಯ, ಕರುಣೆಯಂಥ ದೊಡ್ಡದನ್ನು ನಂಬೋಕೆ ಸಾಧ್ಯ ಅಂತ ಡೆತ್ ಹೇಳುವುದು ಅಲ್ಲೇ. ಇಡೀ ಕಥೆ ನಿಂತಿರುವುದೇ ಆ ಮಾತಿನ ಮೇಲೆ. ಮುಗಿದ ಮೇಲೆ, ಈಗ ಬೇಕಾದರೆ, ಪುಸ್ತಕ ತೆಗೆದು ಅದೊಂದು ಭಾಗ ಓದಿ.

ಆಟಿಕೆ ಮಾಡುವವನ ಪಾತ್ರದಲ್ಲಿ ಸ್ವತಃ ಪ್ರಾಚೆಟ್ ಬಂದು ಹೋಗುತ್ತಾರೆ, ಕಣ್ಣಿಟ್ಟಿರಿ. ಇದು ಹಿಡಿಸಿದರೆ ಪ್ರಾಚೆಟ್ ಅವರದೇ ಪುಸ್ತಕದ ಮೇಲೆ ಬಂದ 2010ರ ‘ಗೋಯಿಂಗ್ ಪೋಸ್ಟಲ್’ ನೋಡಿ. ಅದೂ ಎರಡೇ ಭಾಗ, ಅದರಲ್ಲಿ ಅವರು ಪೋಸ್ಟ್‌ಮ್ಯಾನ್.