ಕೊನೆಯುಸಿರೆಳೆಯುತ್ತಿದ್ದ ಹಾರ್ಡ್ ಡಿಸ್ಕ್‌ನಿಂದ ಫೈಲ್‌ಗಳನ್ನು ಹೊರತೆಗೆದದ್ದು

ಮೊದಲು ಬರೀ ನಿಧಾನವಾಯಿತು. ಫೋಲ್ಡರ್ ತೆರೆಯಲು ಅರ್ಧ ನಿಮಿಷ ಬೇಕಾಗುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಕೆಲವು ಫೋಟೋಗಳ ಮೇಲೆ ಕ್ಲಿಕ್ ಮಾಡಿದರೆ ಇಡೀ ಕಂಪ್ಯೂಟರ್ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅದು. ಒಳಗೆ ಹನ್ನೊಂದು ವರ್ಷಗಳ ಫೋಟೋ, ವಿಡಿಯೋ, ಕೆಲಸದ ಕಾಗದಪತ್ರ.

ಬ್ಯಾಕಪ್ ಇರಲಿಲ್ವಾ ಅಂತ ಕೇಳಬೇಡಿ. ಇದೇ ನನ್ನ ಬ್ಯಾಕಪ್. ಜಾಗ ಸಾಲದೆ ಲ್ಯಾಪ್‌ಟಾಪಿನಲ್ಲಿದ್ದ ಮೂಲ ಫೈಲ್‌ಗಳನ್ನು ಒಂದು ದಿನ ಅಳಿಸಿದ್ದೆ. ಅವತ್ತಿನಿಂದ ಇರುವುದೊಂದೇ ಪ್ರತಿ ಎಂಬುದು ಹೊಳೆದಿರಲಿಲ್ಲ, ಅಷ್ಟೆ.

ಮೊದಲ ಎರಡು ದಿನ ನಾನು ಮಾಡಿದ್ದೆಲ್ಲ ತಪ್ಪೇ. ಕೇಬಲ್ ಕಿತ್ತು ಹಾಕಿದೆ, ಮತ್ತೆ ಕಿತ್ತು ಹಾಕಿದೆ. ಬೇಕಾದ ಫೋಲ್ಡರ್ ಹುಡುಕುತ್ತಾ ಸುಮ್ನೆ ಓಡಾಡಿದೆ. ಫೋಟೋ ಫೋಲ್ಡರ್ ತೆರೆದರೆ ಕಂಪ್ಯೂಟರ್ ಪ್ರತಿಯೊಂದಕ್ಕೂ ಪುಟ್ಟ ಚಿತ್ರ ತೋರಿಸಲು ನೂರಾರು ಫೈಲ್‌ಗಳನ್ನು ಓದುತ್ತದೆ. ನನಗೆ ಒಂದೂ ಫೋಟೋ ಸಿಗಲಿಲ್ಲ, ಡಿಸ್ಕ್ ಮಾತ್ರ ಇನ್ನಷ್ಟು ಸವೆಯಿತು. ಸಾಲದ್ದಕ್ಕೆ 'ಈ ಡ್ರೈವ್‌ನಲ್ಲಿ ತೊಂದರೆ ಇದೆ, ಸರಿಪಡಿಸಲೇ?' ಎಂದು ವಿಂಡೋಸ್ ಕೇಳಿದಾಗ 'ಹೂಂ' ಅಂದೆ. ಇಪ್ಪತ್ತು ನಿಮಿಷ ಒಂದೇ ಕಡೆ ನಿಂತಿತ್ತು. ಗಾಬರಿಯಾಗಿ ಕೇಬಲ್ ಎಳೆದೆ. ಆ 'ಸರಿಪಡಿಸುವುದು' ಅಂದರೆ ಚೆಕ್‌ಡಿಸ್ಕ್. ಅದು ಫೈಲ್ ಪಟ್ಟಿಯನ್ನು ತಿದ್ದಿ ಅದೇ ಡಿಸ್ಕ್‌ಗೆ ಬರೆಯುತ್ತದೆ. ಓದಲಾಗದ ಫೈಲ್‌ಗೂ ಪಟ್ಟಿಗೂ ಇದ್ದ ಕೊಂಡಿಯನ್ನೇ ತುಂಡರಿಸಬಹುದು. ಆರೋಗ್ಯವಾಗಿರುವ ಡಿಸ್ಕ್‌ಗೆ ಅದು ಔಷಧಿ. ಸಾಯುತ್ತಿರುವ ಡಿಸ್ಕ್‌ಗೆ ಗಾಯದ ಮೇಲೆ ಬರೆ.

ಆಮೇಲೆ ಡಿಸ್ಕ್‌ನ ಕೇಬಲ್ ತೆಗೆದಿಟ್ಟು ಒಂದು ದಿನ ಇದರ ಬಗ್ಗೆ ಓದುತ್ತಾ ಕೂತೆ. ಕೆಡುತ್ತಿರುವ ಡಿಸ್ಕ್ ಇನ್ನೆಷ್ಟು ಸಲ ಓದಿಸಿಕೊಳ್ಳುತ್ತದೆ ಎಂದು ಯಾರೂ ಹೇಳಲಾರರು. ಇರುವಷ್ಟು ಓದನ್ನು ಇಡೀ ಡಿಸ್ಕ್‌ನ ಪ್ರತಿ ತೆಗೆಯುವುದಕ್ಕೇ ಖರ್ಚು ಮಾಡಬೇಕು. ಹುಡುಕಾಟ, ರಿಪೇರಿ ಎಲ್ಲ ಆ ಪ್ರತಿಯ ಮೇಲೆ.

ಅದಕ್ಕೂ ಮುಂಚೆ ಕಿವಿಗೊಟ್ಟು ಕೇಳಿದೆ. ಡಿಸ್ಕ್ ಸಮವಾಗಿ ತಿರುಗುತ್ತಿತ್ತು, ಟಕ್ ಟಕ್ ಸದ್ದು ಇರಲಿಲ್ಲ. ಆ ಸದ್ದು ಬಂದಿದ್ದರೆ ನಾನು ಮುಂದೆ ಹೋಗುತ್ತಿರಲಿಲ್ಲ. ಓದುವ ಹೆಡ್, ಡೇಟಾ ಇರುವ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಕೆಟ್ಟ ಹೆಡ್ ತಟ್ಟೆಗೆ ತಾಗಿದರೆ ಅದು ಡೇಟಾವನ್ನೇ ಕೆರೆದುಹಾಕುತ್ತದೆ. ಟಕ್ ಟಕ್ ಅನ್ನುವ, ಕೆಳಗೆ ಬಿದ್ದ, ಅಥವಾ ತಿರುಗದೇ ಇರುವ ಡಿಸ್ಕ್ ಧೂಳಿಲ್ಲದ ಕೋಣೆ ಇರುವ ಲ್ಯಾಬ್‌ಗೇ ಹೋಗಬೇಕು. ಫ್ರೀಜರ್‌ನಲ್ಲಿಡಿ ಎನ್ನುವ ಸಲಹೆ ಈಗಲೂ ಓಡಾಡುತ್ತಿದೆ. ಹೊರಗೆ ತೆಗೆದ ಮೇಲೆ ಒಳಗೆ ತೇವ ಕೂತರೆ ಕಥೆ ಅಲ್ಲಿಗೆ ಮುಗಿಯಿತು.

ವಿಂಡೋಸ್ ಬದಲು, ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕಂಪ್ಯೂಟರ್ ಶುರು ಮಾಡಿದೆ. ಹಾಕಿದ ಡಿಸ್ಕನ್ನು ತಾನಾಗಿ ತೆರೆಯುವ ಅಭ್ಯಾಸ ಅದಕ್ಕೂ ಇದೆ, ಅದನ್ನು ಮೊದಲೇ ಆಫ್ ಮಾಡಿದೆ. ಆಮೇಲೆ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶ ಹಾಕಿ ಡಿಸ್ಕ್‌ನ ಜಾತಕ ನೋಡಿದೆ. ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕ್ ಕೆಲವೊಮ್ಮೆ ನೇರವಾಗಿ ಉತ್ತರ ಕೊಡುವುದಿಲ್ಲ, ಟೈಪ್ ಮಾಡುವ ಆಜ್ಞೆಗೆ 'ಮೈನಸ್ ಡಿ ಸ್ಯಾಟ್' ಎಂದು ಸೇರಿಸಬೇಕಾಯಿತು. ಒಟ್ಟಾರೆ ಆರೋಗ್ಯ: ಪಾಸ್! ನಗು ಬಂತು. ಆ ಒಂದು ಪದವನ್ನು ನಂಬಿದವರು ಕೆಟ್ಟರು. ನೋಡಬೇಕಾದ್ದು ಕೆಳಗಿನ ಸಾಲುಗಳು. ಕೆಟ್ಟ ಜಾಗಕ್ಕೆ ಬದಲಿ ಕೊಟ್ಟ ಸೆಕ್ಟರ್‌ಗಳ (ಡಿಸ್ಕ್ ಡೇಟಾ ಇಡುವ ಪುಟ್ಟ ಖಾನೆಗಳ) ಲೆಕ್ಕ 5ನೇ ನಂಬರಿನ ಸಾಲಿನಲ್ಲಿ ಇರುತ್ತದೆ, ನನ್ನದರಲ್ಲಿ 48. ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು 197ನೇ ನಂಬರಿನ ಸಾಲಿನಲ್ಲಿ, ಅವು 1,312. ಕೇಬಲ್ ದೋಷ ಇದ್ದರೆ 199ನೇ ನಂಬರಿನ ಲೆಕ್ಕ ಏರುತ್ತದೆ, ಅದು ಸೊನ್ನೆ. ಎರಡು ದಿನ ಕೇಬಲ್ ಕಿತ್ತು ಹಾಕುತ್ತಾ ಕಳೆದದ್ದು ನೆನಪಾಯಿತು.

ಪ್ರತಿ ಇಡಲು 2 ಟಿಬಿಯ ಹೊಸ ಡಿಸ್ಕ್ ತಂದೆ. ಹಳೆಯದರಲ್ಲಿ ತುಂಬಿದ್ದು 640 ಜಿಬಿಯಷ್ಟೇ, ಆದರೂ ಪ್ರತಿ ಆಗುವುದು ಇಡೀ 1 ಟಿಬಿ, ಅದೂ ಒಂದೇ ಫೈಲ್ ಆಗಿ. ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ ಫ್ಯಾಟ್32 ಆದರೆ ಒಂದು ಫೈಲ್ 4 ಜಿಬಿ ಆಗುವಷ್ಟಕ್ಕೇ ಕೈ ಎತ್ತಿಬಿಡುತ್ತದೆ. ಹಾಗಾಗಿ ಹೊಸದನ್ನು ಲಿನಕ್ಸ್‌ನ ಪದ್ಧತಿಯಾದ ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿದೆ.

ಪ್ರತಿ ತೆಗೆಯಲು ಬಳಸಿದ್ದು ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಸಾಮಾನ್ಯ ಕಾಪಿ ಕೆಟ್ಟ ಜಾಗ ಸಿಕ್ಕಿದ ಕೂಡಲೇ ಅಲ್ಲೇ ತಲೆ ಚಚ್ಚಿಕೊಳ್ಳುತ್ತದೆ. ಡಿಸ್ಕ್ ತಾನೂ ಮತ್ತೆ ಮತ್ತೆ ಓದಲು ನೋಡುತ್ತದೆ, ಆಪರೇಟಿಂಗ್ ಸಿಸ್ಟಮ್ ಕೂಡ ಮತ್ತೆ ಕೇಳುತ್ತದೆ. ಡಿಡಿರೆಸ್ಕ್ಯೂ ಜಾಣ. ಏಟು ಬಿದ್ದ ಕಡೆ ನಿಲ್ಲದೆ ಮುಂದಕ್ಕೆ ಹಾರಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಬಿಟ್ಟ ಜಾಗಗಳಿಗೆ ಆಮೇಲೆ ಹಿಂದಿನ ದಿಕ್ಕಿನಿಂದ ಬರುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನು ಮ್ಯಾಪ್‌ಫೈಲ್ ಎಂಬ ಪುಟ್ಟ ಫೈಲ್‌ನಲ್ಲಿ ಬರೆದಿಡುತ್ತದೆ. ಕರೆಂಟ್ ಹೋದರೂ, ನಾವೇ ನಿಲ್ಲಿಸಿದರೂ, ಬಿಟ್ಟಲ್ಲಿಂದ ಶುರು. ಮ್ಯಾಪ್‌ಫೈಲ್ ಕೊಡದೆ ಇದನ್ನು ಓಡಿಸಿದರೆ ಈ ಜಾಣತನದ ಅರ್ಧ ಹೋದಂತೆ.

ಆಜ್ಞೆಯಲ್ಲಿ ಮೊದಲು ಮೂಲ, ಆಮೇಲೆ ಪ್ರತಿ, ಆಮೇಲೆ ಮ್ಯಾಪ್‌ಫೈಲ್. ಡಿಸ್ಕ್‌ನಿಂದ ಡಿಸ್ಕ್‌ಗೇ ನೇರವಾಗಿ ತೆಗೆಯುವವರು ಮೊದಲೆರಡನ್ನು ಅದಲುಬದಲು ಮಾಡಿದರೆ ಖಾಲಿ ಡಿಸ್ಕ್ ಬಂದು ಫೋಟೋಗಳ ಮೇಲೆ ಕೂರುತ್ತದೆ. ನಾನು ಫೈಲ್‌ಗೆ ತೆಗೆಯುತ್ತಿದ್ದರೂ ಕಾಗದದ ಮೇಲೆ ಬರೆದು, ಮೂರು ಸಲ ಓದಿ, ಆಮೇಲೆ ಎಂಟರ್ ಒತ್ತಿದೆ. ಮೊದಲ ಸುತ್ತಿಗೆ 'ಮೈನಸ್ ಎನ್' ಸೇರಿಸಿದ್ದೆ. ಕೆಟ್ಟ ಜಾಗವನ್ನು ಈಗಲೇ ಕೆರೆಯಬೇಡ, ಅಂದರೆ ಒಂದೊಂದೇ ಸೆಕ್ಟರ್ ಓದಲು ಹೋಗಬೇಡ, ಎಂದು ಅದರರ್ಥ.

ಸೆಕೆಂಡಿಗೆ 80 ಎಂಬಿ ವೇಗದಲ್ಲಿ ಹೊರಟಿತು. ಹಾಗೇ ಹೋಗಿದ್ದರೆ ಮೂರೂವರೆ ಗಂಟೆಯ ಕೆಲಸ. ಹೋಗಲಿಲ್ಲ. ಒಂದು ಹೊತ್ತಿನಲ್ಲಿ ವೇಗ ಸೊನ್ನೆಗೆ ಬಂದು ನಿಮಿಷಗಟ್ಟಲೆ ಅಲ್ಲೇ ಇರುತ್ತಿತ್ತು. ಪರದೆ ನೋಡುತ್ತಾ ಕೂರಬಾರದು ಅಂತ ಗೊತ್ತಿದ್ದೂ ಕೂತೆ. ಡಿಸ್ಕ್‌ನ ಬಿಸಿ 51 ಡಿಗ್ರಿಗೆ ಏರಿದಾಗ ಟೇಬಲ್ ಫ್ಯಾನ್ ತಿರುಗಿಸಿಟ್ಟೆ, ಸ್ವಲ್ಪ ಹೊತ್ತಿಗೆ 40ರ ಆಸುಪಾಸಿಗೆ ಇಳಿಯಿತು. ಡಿಸ್ಕನ್ನು ಮಾತ್ರ ಕದಲಿಸಲಿಲ್ಲ.

ಶೇಕಡಾ 61ರ ಹತ್ತಿರ ಡಿಸ್ಕ್ ಕಂಪ್ಯೂಟರ್‌ನಿಂದಲೇ ಮಾಯವಾಯಿತು. ನಾನು ಅದನ್ನು ಒಂದು ಪೋರ್ಟನ್ನು ಹಲವಾಗಿಸುವ ಹಬ್‌ಗೆ ಸಿಕ್ಕಿಸಿದ್ದೆ, ಅದೇ ಹಬ್‌ನಲ್ಲಿ ಹೊಸ ಡಿಸ್ಕೂ ಇತ್ತು. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕರೆಂಟ್ ಕೊಡಬೇಕೆಂಬುದು ನಿಯಮ. ಬೇರೆ ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ಅಷ್ಟನ್ನೇ ಇಬ್ಬರು ಹಂಚಿಕೊಳ್ಳಬೇಕು, ಸಾಲದೆ ಹೋಗಿರಬೇಕು. ರೋಗಿಯನ್ನು ಕಂಪ್ಯೂಟರ್‌ನ ಪೋರ್ಟ್‌ಗೇ ನೇರವಾಗಿ ಹಾಕಿ, ಎಲ್ಲವನ್ನೂ ಮರುಶುರು ಮಾಡಿದೆ.

ಇಲ್ಲಿ ಒಂದು ಗುಂಡಿ ಇತ್ತು, ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ. ಲಿನಕ್ಸ್ ಡಿಸ್ಕ್‌ಗಳಿಗೆ ಎಸ್‌ಡಿಬಿ, ಎಸ್‌ಡಿಸಿ ಎಂದು ಸಿಕ್ಕಿದ ಕ್ರಮದಲ್ಲಿ ಹೆಸರಿಡುತ್ತದೆ. ಮರುಶುರುವಾದ ಮೇಲೆ ಹೆಸರುಗಳು ಅದಲುಬದಲಾಗಿದ್ದವು. ಹಳೆಯ ಆಜ್ಞೆಯನ್ನು ಹಾಗೇ ಓಡಿಸಿದ್ದರೆ ಅದು ಹೊಸ ಡಿಸ್ಕನ್ನು ಓದಿ ನನ್ನ ಪ್ರತಿಯೊಳಗೆ ಕಸ ತುಂಬುತ್ತಿತ್ತು. ಡಿಸ್ಕ್‌ನ ಸೀರಿಯಲ್ ನಂಬರ್ ಇರುವ ಉದ್ದನೆಯ ಹೆಸರೂ ಲಿನಕ್ಸ್‌ನಲ್ಲಿ ಇರುತ್ತದೆ, ಅದು ಬದಲಾಗುವುದಿಲ್ಲ. ಅಲ್ಲಿಂದ ಮುಂದೆ ಅದನ್ನೇ ಬಳಸಿದೆ. ಮೊದಲಿನಿಂದಲೇ ಬಳಸಬೇಕಿತ್ತು.

ಮೊದಲ ಸುತ್ತು ಮುಗಿಯಲು 31 ಗಂಟೆ. ಸಿಕ್ಕಿದ್ದು ಶೇಕಡಾ 99.97. ಕೇಳಲು ಚೆನ್ನಾಗಿದೆ, ಅಲ್ವಾ? ಉಳಿದದ್ದು ಸುಮಾರು 300 ಎಂಬಿ. ಅದು ಸಾವಿರಾರು ಚೂರಾಗಿ ಹರಡಿದ್ದರೆ ಸಾವಿರಾರು ಫೈಲ್ ಹಾಳು. ಆಮೇಲೆ 'ಮೈನಸ್ ಎನ್' ತೆಗೆದು ಕೆರೆಯಲು ಬಿಟ್ಟೆ. ಎರಡು ದಿನ ಹಿಡಿಯಿತು. ಕೊನೆಗೆ ಮೂರು ಸಲ ಮರುಪ್ರಯತ್ನ ಮಾಡಿಸಿದೆ, ಒಂದು ಸಲ ಹಿಂದಿನಿಂದ ಮುಂದಕ್ಕೆ ಓದಿಸಿದೆ. 9 ಎಂಬಿಯಷ್ಟು ಮಾತ್ರ ಬರಲೇ ಇಲ್ಲ. ಪಾಲಿಗೆ ಬಂದದ್ದು ಪಂಚಾಮೃತ ಎಂದುಕೊಂಡು ಡಿಸ್ಕ್‌ನ ಕೇಬಲ್ ತೆಗೆದು ಎತ್ತಿಟ್ಟೆ. ಆಗ ಮೊದಲ ಸಲ ಸರಿಯಾಗಿ ನಿದ್ದೆ ಬಂತು.

ಪ್ರತಿಯನ್ನು 'ಓದಲು ಮಾತ್ರ' ಎಂದು ಕಟ್ಟುಮಾಡಿ ತೆರೆದೆ. ಫೋಲ್ಡರ್‌ಗಳೆಲ್ಲ ಹೆಸರು ಸಮೇತ ಬಂದವು, ಒಂದು ವರ್ಷದ ಫೋಟೋಗಳನ್ನು ಬಿಟ್ಟು. ಆ ಜಾಗದಲ್ಲಿ ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಪದ್ಧತಿಯ ಫೈಲ್ ಪಟ್ಟಿಯೇ ಹರಿದಿತ್ತು. ಅದಕ್ಕೆ ಫೋಟೋರೆಕ್ ಎಂಬ ತಂತ್ರಾಂಶ ಹಾಕಿದೆ. ಅದು ಪಟ್ಟಿಯನ್ನು ನೋಡುವುದೇ ಇಲ್ಲ, ಫೈಲ್‌ನ ತಲೆಯ ಗುರುತು ಹಿಡಿದು ಹೆಕ್ಕುತ್ತದೆ. ಹೆಸರೂ ಫೋಲ್ಡರೂ ಹೋಗಿ, ಎಫ್ ಅಕ್ಷರದ ಮುಂದೆ ಉದ್ದದ ಸಂಖ್ಯೆ ಇರುವ ಫೈಲ್‌ಗಳ ರಾಶಿ ಸಿಕ್ಕಿತು. ಪುಣ್ಯಕ್ಕೆ ಕ್ಯಾಮೆರಾ ಫೋಟೋದೊಳಗೇ ತಾರೀಖು ಬರೆದಿರುತ್ತದೆ. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಅದನ್ನು ಓದಿ ಹೆಸರಿಟ್ಟುಕೊಟ್ಟಿತು.

ಇನ್ನು ಆ 9 ಎಂಬಿ ಯಾವ ಫೈಲ್‌ಗಳಲ್ಲಿ ಇತ್ತು? ಸಾವಿರಾರು ಫೋಟೋಗಳನ್ನು ತೆರೆದು ನೋಡಲು ಆಗುವುದಿಲ್ಲ. ಡಿಡಿರೆಸ್ಕ್ಯೂನ ಒಂದು ಸೌಲಭ್ಯ ಇಲ್ಲಿ ಕೈ ಹಿಡಿಯಿತು. ಓದಲಾಗದ ಸೆಕ್ಟರ್‌ಗಳಲ್ಲಿ, ಪ್ರತಿಯಲ್ಲಿ ಮಾತ್ರ, ನಾವು ಹೇಳಿದ ಪದವನ್ನು ಅದು ತುಂಬಿಕೊಡುತ್ತದೆ. ಬೇರೆಲ್ಲೂ ಇರಲಾರದ ವಿಚಿತ್ರ ಪದವೊಂದನ್ನು ಕೊಟ್ಟೆ. ಆಮೇಲೆ ಎಲ್ಲ ಫೈಲ್‌ಗಳಲ್ಲಿ ಆ ಪದವನ್ನು ಹುಡುಕಿಸಿದೆ. 41 ಹೆಸರುಗಳು ಬಂದವು: 26 ಫೋಟೋ, 12 ವಿಡಿಯೋ, 3 ಕಾಗದಪತ್ರ. ಇಷ್ಟೇನಾ ಅನ್ನಿಸಿತು. ಕೆಟ್ಟ ಜಾಗದ ಬಹುಪಾಲು ಖಾಲಿ ಇದ್ದ ಭಾಗಕ್ಕೇ ಬಿದ್ದಿತ್ತು.

ಫೋಟೋಗಳಲ್ಲಿ ಹೆಚ್ಚಿನವು ಅರ್ಧ ಸರಿ, ಅರ್ಧ ಬೂದು. ಕಾಗದಪತ್ರ ಮೂರೂ ಹೋದವು, ಅವು ಬೇರೆ ಕಡೆಯಿಂದ ಸಿಗುವಂಥವೇ. ವಿಡಿಯೋಗಳು ಒಂದೆರಡು ಕಡೆ ಚೌಕಚೌಕವಾಗಿ ಒಡೆದು ಮುಂದೆ ಓಡುತ್ತವೆ. ಒಂದು ಮಾತ್ರ ತೆರೆಯಲೇ ಇಲ್ಲ. ಎಂಪಿ4 ಫೈಲ್‌ನಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಪಟ್ಟಿ ಇರುತ್ತದೆ. ಫೋನ್‌ನಲ್ಲಿ ತೆಗೆದದ್ದಾದರೆ ಸಾಮಾನ್ಯವಾಗಿ ಅದು ಫೈಲ್‌ನ ಕೊನೆಯಲ್ಲಿರುತ್ತದೆ. ಏಟು ಸರಿಯಾಗಿ ಅಲ್ಲಿಗೇ ಬಿದ್ದಿತ್ತು. ಅದೇ ಫೋನ್‌ನಲ್ಲಿ ತೆಗೆದ ಬೇರೊಂದು ವಿಡಿಯೋವನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ತಂತ್ರಾಂಶ ಆ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. ಕೊಟ್ಟೆ. ಮಗಳು ಮೊದಲ ಸಲ ಸೈಕಲ್ ತುಳಿದ ವಿಡಿಯೋ ಅದು. ಈಗ ಓಡುತ್ತದೆ. ಧ್ವನಿ ಕೊಂಚ ಹಿಂದೆ ಬೀಳುತ್ತದೆ, ಅವಳು ಬಿದ್ದೆದ್ದು ನಕ್ಕ ಮೇಲೆ ದಬ್ ಅಂತ ಸದ್ದು ಕೇಳಿಸುತ್ತದೆ.