ಹೂ ಕೆತ್ತಿದ ಹಳೆಯ ಬಿಳಿ ಪಿಂಗಾಣಿ: ನೋಡುವುದು, ತೊಳೆಯುವುದು, ಇಡುವುದು

ದಸರಾ ಗೊಂಬೆ ಕೂರಿಸುವ ಹೊತ್ತಿಗೆ ಮೈಸೂರಿನ ಹಳೆಯ ಮನೆಗಳಲ್ಲಿ ಗಾಜಿನ ಬೀರು ತೆರೆದು ಎಲ್ಲವನ್ನೂ ತೊಳೆಯುತ್ತಾರೆ. ಅದರಲ್ಲಿ ತಾವರೆಯೋ ಪಿಯೊನಿ ಹೂವೋ ಕೆತ್ತಿದ ಚೀನಾದ ಬಿಳಿ ಬಟ್ಟಲಿದ್ದರೆ ಅದನ್ನು ಬೇರೆಯಾಗಿ ಎತ್ತಿಡಿ. ನೀರಿಗೆ ಇಳಿಸುವ ಮೊದಲು ನೋಡುವ ಕೆಲಸ ಬಹಳವಿದೆ.

ಕೋಣೆ ಕತ್ತಲು ಮಾಡಿ, ಟಾರ್ಚನ್ನು ಬಟ್ಟಲಿನ ಪಕ್ಕದಿಂದ ಓರೆಯಾಗಿ ಬಿಡಿ. ಉತ್ತರ ಚೀನಾದ ಹೆಬೈ ಪ್ರಾಂತ್ಯದ ಡಿಂಗ್ ಪಿಂಗಾಣಿಯಲ್ಲಿ ಅರೆ ಒಣಗಿದ ಮಣ್ಣಿನ ಮೇಲೆ ಅಲಗನ್ನು ವಾಲಿಸಿ ಕೆತ್ತುತ್ತಿದ್ದರು. ಹಾಗಾಗಿ ಗೆರೆಯ ಒಂದು ಅಂಚು ಕಡಿದಾಗಿ, ಇನ್ನೊಂದು ಇಳಿಜಾರಾಗಿ ಕಾಣುತ್ತದೆ. ಗ್ಲೇಜ್, ಅಂದರೆ ಮೇಲಿನ ಗಾಜಿನಂಥ ಲೇಪ, ಆ ತಗ್ಗಿನಲ್ಲಿ ದಪ್ಪವಾಗಿ ನಿಂತು ಬಣ್ಣ ತುಸು ಗಾಢವಾಗಿರುತ್ತದೆ. ಉಬ್ಬುಗೆರೆಗಳು ಒಂದೇ ಎತ್ತರದಲ್ಲಿದ್ದು, ವಿನ್ಯಾಸ ಎಲ್ಲೆಡೆ ಅಚ್ಚುಕಟ್ಟಾಗಿ ಮರುಕಳಿಸಿದ್ದರೆ ಅದು ಅಚ್ಚೊತ್ತಿದ್ದು. ಡಿಂಗ್‌ನಲ್ಲೇ ಅದೂ ಉಂಟು. ಗೆರೆಯ ಅಂಚಿಗೆ ಉಗುರು ಚುರುಕಾಗಿ ಸಿಕ್ಕಿ, ಒಳಗೆ ಹೊಳಪಿಲ್ಲದಿದ್ದರೆ ಸುಟ್ಟ ಮೇಲೆ ಕೊರೆದದ್ದೆಂದು ಅನುಮಾನಿಸಿ.

ಬಣ್ಣವೂ ಸುಳಿವು. ಉತ್ತರ ಸಾಂಗ್ ರಾಜವಂಶದ ಕಾಲದಲ್ಲಿ (960–1127) ಡಿಂಗ್ ಪಿಂಗಾಣಿ ಸುಡುವ ಗೂಡುಗಳು ಕಲ್ಲಿದ್ದಲಿಗೆ ತಿರುಗಿದ್ದರಿಂದ ಬಿಳುಪಿಗೆ ದಂತದ ಛಾಯೆ ಬಂತು. ದಕ್ಷಿಣ ಚೀನಾದ ಪಿಂಗಾಣಿ ಊರಾದ ಜಿಂಗ್‌ಡೆಜೆನ್‌ನ ಅದೇ ಕಾಲದ ಸರಕು ನೀಲಿ ಬೆರೆತ ಬಿಳಿ. ಡಿಂಗ್ ಬಟ್ಟಲುಗಳನ್ನು ಕವುಚಿ ಸುಡುತ್ತಿದ್ದರಿಂದ ಬಾಯಂಚಿಗೆ ಗ್ಲೇಜ್ ಇರುವುದಿಲ್ಲ. ಆ ಒರಟನ್ನು ಮುಚ್ಚಲು ತಾಮ್ರ ಅಥವಾ ಬೆಳ್ಳಿಯ ಪಟ್ಟಿ ಕಟ್ಟುತ್ತಿದ್ದರು. ಹೊರಮೈಯಲ್ಲಿ ಗ್ಲೇಜ್ ಇಳಿದ ಕಣ್ಣೀರಿನಂಥ ಗುರುತು ಇರಬಹುದು. ಇವೆಲ್ಲವನ್ನೂ ಇಂದಿನ ನಕಲಿನಲ್ಲೂ ಮಾಡುತ್ತಾರೆ, ಆದ್ದರಿಂದ ಒಂದೇ ಗುರುತು ನಂಬಿ ಹಣ ಕೊಡಬೇಡಿ. ಹಾಗೆಂದು ಅಸಡ್ಡೆಯೂ ಬೇಡ: 2013ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 22 ಲಕ್ಷ ಡಾಲರಿಗೆ ಹೋದ ಡಿಂಗ್ ಬಟ್ಟಲನ್ನು ಅದನ್ನು ಮಾರಿದ ಮನೆಯವರು 3 ಡಾಲರಿಗೆ ಕೊಂಡಿದ್ದರು.

ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಾಯಿಸಿ. ಒಂದು ಕಡೆ ಮಾತ್ರ ಬೇರೆ ಬಣ್ಣ ಹೊಳೆದರೆ ಅಲ್ಲಿ ಅಂಟು ಅಥವಾ ಬಣ್ಣದ ರಿಪೇರಿ ಇರುವ ಸಾಧ್ಯತೆ ಹೆಚ್ಚು. ರಿಪೇರಿ, ಬಿರುಕು, ಲೋಹದ ಪಟ್ಟಿ, ಈ ಮೂರರಲ್ಲಿ ಯಾವುದಿದ್ದರೂ ಬಟ್ಟಲನ್ನು ಮುಳುಗಿಸಬಾರದು. ಹತ್ತಿಯನ್ನು ಒದ್ದೆ ಮಾಡಿ ಹಿಂಡಿ ಒರೆಸಿದರೆ ಸಾಕು.

ಗಟ್ಟಿಯಿರುವ ಬಟ್ಟಲಿಗೆ ಪ್ಲಾಸ್ಟಿಕ್ ಟಬ್ ತೆಗೆದುಕೊಂಡು ತಳಕ್ಕೆ ಟವೆಲ್ ಹಾಸಿ. ಉಂಗುರ, ಬಳೆ ತೆಗೆದಿಡಿ. 2 ಲೀಟರ್ ತಣ್ಣೀರಿಗೆ ಎರಡು ಮೂರು ಹನಿ ಸೌಮ್ಯ ಪಾತ್ರೆ ಲಿಕ್ವಿಡ್, ಮೃದು ಬ್ರಷ್, ಅಷ್ಟೇ. ಕೊನೆಯ ಸಲ ಜಾಲಾಡಲು ಡಿಸ್ಟಿಲ್ಡ್ ನೀರು ಬಳಸಿ. ಗಡಸು ಬೋರ್‌ವೆಲ್ ನೀರು ಕೆತ್ತನೆಯ ತಗ್ಗಿನಲ್ಲಿ ಬಿಳಿ ಕಲೆ ಬಿಡುತ್ತದೆ. ಬ್ಲೀಚ್ ಬೇಡವೇ ಬೇಡ. ಅದರ ಉಪ್ಪು ಬಿರುಕಿನೊಳಗೆ ಹರಳುಗಟ್ಟಿ ಗ್ಲೇಜನ್ನು ಒಳಗಿನಿಂದ ಎಬ್ಬಿಸುತ್ತದೆ. ಹಿತ್ತಾಳೆಗೆ ಉಜ್ಜುವ ಹುಣಸೆಹಣ್ಣನ್ನು ತಾಮ್ರದ ಪಟ್ಟಿಗೆ ತಾಗಿಸಬೇಡಿ. ಹುಳಿ ಪಟ್ಟಿಯ ಕೆಳಗೆ ಇಳಿದರೆ ಗ್ಲೇಜಿಲ್ಲದ ಬಾಯಂಚು ಹಸಿರು ಕಲೆ ಹೀರಿಕೊಳ್ಳುತ್ತದೆ.

ನೆರಳಿನಲ್ಲಿ ಒಂದು ದಿನ ಆರಲಿ. ಎತ್ತುವಾಗ ಬಾಯಂಚು ಹಿಡಿಯದೆ ಎರಡೂ ಕೈಯನ್ನು ತಳಕ್ಕೆ ಕೊಡಿ. ಒಂದರೊಳಗೊಂದು ಇಡಬೇಡಿ. ಸುತ್ತಲು ನ್ಯೂಸ್‌ಪೇಪರ್ ಬದಲು ಒಗೆದ ಬಿಳಿ ಮಲ್ಲು ಪಂಚೆಯ ತುಂಡು ಬಳಸಿ, ಏಕೆಂದರೆ ಮಸಿ ಗ್ಲೇಜಿಲ್ಲದ ಬರಿಮಣ್ಣಿಗೆ ಹತ್ತುತ್ತದೆ. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆಯಿದ್ದರೆ, 100 ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಾಚೆ ಒಯ್ಯುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ.